ಧರಣಿಯ ಮೊಂಡು ಆನೆ

ಆನೆ ಕಂಡರೆ ಧರಣಿಗೆ ಮೈ ಉರಿಯುತ್ತಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಹೀಗೆ ಬಾಯಿಬಿಟ್ಟು ಹೇಳಿದರೆ, ಕೇಳಿದವರು ಬೆಟ್ಟದ ಕಡೆ ತಿರುಗಿ ಕೆನ್ನೆ ಬಡಿದುಕೊಂಡಾರು. ಆದರೆ ಅವರೇನು ಬೆಳಗಾದರೆ ಆನೆ ಕೊಯ್ಯುತ್ತಾರೆಯೆ? ಹಿನಕಲ್‌ನಲ್ಲಿ ಮಹದೇವಪ್ಪನವರ ಕಾರ್ಖಾನೆ. ಕಾಗದದ ಅಚ್ಚನ್ನು ತೆಳ್ಳನೆಯ ಮರದ ಹಾಳೆಗೆ ಅಂಟಿಸಿ, ಗೆರೆಯ ಮೇಲೆ ಗರಗಸ ಆಡಿಸಿ, ಕೊಯ್ದ ತುಂಡುಗಳನ್ನು ಬೀಟೆಯ ಹಲಗೆಯಲ್ಲಿ ಚಿತ್ರವಾಗಿ ಕೂರಿಸುವುದು ಅವಳ ಕಸುಬು. ಮದುವೆಗೆ ಮುಂಚಿನಿಂದಲೂ ಅದೇ ಆನೆ, ಅದೇ ಮಾವುತ. ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಆನೆ ಮಾತ್ರ ಎತ್ತಿದ ಕಾಲನ್ನು ಇನ್ನೂ ಕೆಳಗಿಟ್ಟಿಲ್ಲ.

ಈ ಸಲದ ಕರಕುಶಲ ಮೇಳದಲ್ಲಿ ಕೆಲಸದವರು ತಮ್ಮ ಹೆಸರಿನಲ್ಲೇ ಒಂದೊಂದು ಚಿತ್ರ ಇಡಬಹುದೆಂದು ಆಗಿತ್ತು. ಧರಣಿ ಆಸೆಪಟ್ಟು ಕೆರೆ ಬರೆದಳು, ಬಾಳೆಗಿಡ ಬರೆದಳು, ತಾರಸಿಯಲ್ಲಿ ಬಟ್ಟೆ ಹರವುವ ಹೆಂಗಸನ್ನು ಬರೆದಳು. ಮಹದೇವಪ್ಪನವರು ಎಲ್ಲವನ್ನೂ ನೋಡಿ ಪಕ್ಕಕ್ಕಿಟ್ಟರು. ಕೆಟ್ಟವರಲ್ಲ ಪಾಪ, ವ್ಯಾಪಾರದವರು.

"ಆನೆ ಇಲ್ದೆ ಇದ್ರೆ ಯಾರು ತಿರುಗಿ ನೋಡ್ತಾರಮ್ಮ? ಹೆಸರು ನಿಂದೇ ಇರ್ಲಿ. ಅಚ್ಚು ಮಾತ್ರ ನಮ್ದೇ. ಗೆರೆ ಆಚೀಚೆ ಆಗಂಗಿಲ್ಲ."

ತನ್ನ ಹೆಸರಿನಡಿಯಲ್ಲೂ ಅದೇ ಆನೆ! ಇದಕ್ಕಿಂತ ಹೆಸರಿಲ್ಲದಿರುವುದೇ ವಾಸಿ ಅನ್ನಿಸಿ ಅವಳಿಗೆ ಅಳು ಬಂತು. ಹಲಗೆ ಮುಂದಿಟ್ಟುಕೊಂಡು ಕೂತರೆ ಗರಗಸ ಹಿಡಿದ ಕೈ ಏಳಲೇ ಇಲ್ಲ.

ಆ ವಾರವೇ ಯಾದವಗಿರಿಯ ವೀಣೆ ಟೀಚರ್ ಗಿರಿಜಾಂಬಾ ಹೇಳಿಕಳಿಸಿದರು. ವೀಣೆಯ ಅಂಚಿನ ಹೂಬಳ್ಳಿ ಉದುರಿದೆ, ಕೂರಿಸಿಕೊಡಬೇಕಂತೆ. ಧರಣಿ ಹೋದಾಗ ಅದೇ ವೀಣೆಯಲ್ಲಿ ಅನುಪಮಾ ಎಂಬ ಶಿಷ್ಯೆಗೆ ಪಾಠ ನಡೆದಿತ್ತು. ಮುಗಿಯುವವರೆಗೂ ಕಾಯಬೇಕಾಯಿತು.

"ಎಲ್ಲಿಗೇ ಓಡ್ತೀಯ?" ಎಂದು ಗಿರಿಜಾಂಬಾ ಹುಡುಗಿಯನ್ನು ಗದರಿದರು. "ಮುಂದಿನ ಮೆಟ್ಟಿಗೆ ಹೋಗ್ಬೇಡ. ಇಲ್ಲೇ ಇರು. ತಂತಿ ಎಳಿ."

ತಾವೇ ವೀಣೆ ತೆಗೆದುಕೊಂಡು ತೋರಿಸಿದರು. ಬೆರಳು ಹಿತ್ತಾಳೆಯ ಒಂದೇ ಮೆಟ್ಟಿನ ಮೇಲಿತ್ತು. ತಂತಿಯನ್ನು ಅಲ್ಲೇ ಪಕ್ಕಕ್ಕೆ ಎಳೆದರು, ಬಿಟ್ಟರು, ಮತ್ತೆ ಎಳೆದರು. ಸ್ವರ ಹತ್ತಿತು, ಇಳಿಯಿತು, ಯಾರನ್ನೋ ಬೇಡ ಬೇಡ ಎಂದು ಗೋಗರೆಯಿತು. ಬೆರಳು ಇದ್ದಲ್ಲೇ ಇತ್ತು. ಧರಣಿಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಆ ಬೆರಳಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ಗೆರೆಯ ಆಚೆ ಹೋಗಲಾಗದಿದ್ದರೆ ಇದ್ದಲ್ಲೇ ಎಳೆಯಬಹುದು, ಸರಿ. ತನ್ನ ಬಳಿ ಎಳೆಯುವುದಕ್ಕೆ ಏನಿದೆ? ತಂತಿಯಿಲ್ಲ. ಮರದ ಮೈಮೇಲೆ ಎಳೆಎಳೆಯಾಗಿ ಕಾಣುವ ನಾರಿದೆ.

ನಾರು ಸೊಂಡಿಲಿನಿಂದ ಬಾಲದವರೆಗೆ ಮಟ್ಟಸವಾಗಿ ಹರಿಯಬೇಕು. ಕೆಲಸ ಕಲಿತ ದಿನದಿಂದ ಅದೇ ಪಾಠ. ಧರಣಿ ಅಚ್ಚನ್ನು ಬದಲಿಸಲಿಲ್ಲ, ಅದರ ಕೆಳಗಿನ ಮರವನ್ನು ತಿರುಗಿಸಿದಳು. ಕಾಲುಗಳಲ್ಲಿ ನಾರು ಹಿಂದಕ್ಕೆ ವಾಲಿತು, ಕುತ್ತಿಗೆಯಲ್ಲಿ ಅಡ್ಡ ಬಂತು. ಅಡ್ಡನಾರಿನ ಸೊಂಡಿಲು ಕೊಯ್ಯುವಾಗಲೇ ಲಟಕ್ಕೆಂದು ಮುರಿಯಿತು. ಬೈದುಕೊಂಡು ಮತ್ತೊಂದು ಕೊಯ್ದಳು. ಕೊನೆಗೆ ಹೊಳಪು ಕೊಟ್ಟು ದೂರ ನಿಂತು ನೋಡಿದರೆ ಆನೆ ಬರಲೊಲ್ಲೆ ಎನ್ನುತ್ತಿತ್ತು! ಎತ್ತಿದ ಕಾಲು ಎತ್ತಿದಂತೆಯೇ ಇದೆ, ಮೈಯೆಲ್ಲ ಹಿಂದಕ್ಕೆ ಜಗ್ಗುತ್ತಿದೆ. ಅಚ್ಚಿನಲ್ಲಿ ಮೊದಲಿನಿಂದಲೂ ಇದ್ದ ಕಾಲಿನ ಸರಪಳಿ ಅವಳಿಗೆ ನಿಜವಾಗಿ ಕಂಡಿದ್ದು ಅವತ್ತೇ.

ಮಹದೇವಪ್ಪನವರು ಅಚ್ಚನ್ನು ಮೇಲಿಟ್ಟು ನೋಡಿದರು. ಗೆರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಅಚ್ಚೇನೋ ನಮ್ದೇ. ಆದ್ರೂ ಇದ್ಯಾಕಮ್ಮ ಹಿಂಗೆ ಮೊಂಡು ಹಿಡಿದಿದೆ?"

ಧರಣಿ ನಕ್ಕಳು. ಎಷ್ಟೋ ವರ್ಷದ ಮೇಲೆ ಆ ಕಾರ್ಖಾನೆಯಲ್ಲಿ ಅವಳಿಗೆ ಸಲೀಸಾಗಿ ಉಸಿರಾಡಿದಂತಾಯಿತು. ಮೇಳದಲ್ಲಿ ಆನೆಯ ಕೆಳಗೆ ಅವಳ ಹೆಸರಿತ್ತು. ಜನ ನಿಂತು ನೋಡಿದರು. ಯಾದವಗಿರಿಯಿಂದ ಗಿರಿಜಾಂಬಾ ಕೂಡ ಬಂದು ನೋಡಿ, ಅವಳ ಕೈ ಅದುಮಿ ಹೋದರು.

ಮೇಳ ಮುಗಿದ ಸಂಜೆ ಮಹದೇವಪ್ಪನವರು ಓಡೋಡಿ ಬಂದರು.

"ಮೇಳಕ್ಕೆ ಬಂದಿದ್ದ ಹೋಟೆಲಿನವರು ನಿನ್ನ ಆನೇನ ಮೆಚ್ಚಿಬುಟ್ರು ಕಣಮ್ಮ! ಐವತ್ತು ಬೇಕಂತೆ, ರೂಮಿಗೊಂದು. ಎಲ್ಲಾ ಹಿಂಗೇ ಮೊಂಡು ಹಿಡಿದಿರ್ಬೇಕಂತೆ. ನೀನೇನೂ ಯೋಚ್ನೆ ಮಾಡ್ಬೇಡ, ನಾರಿಗೂ ಒಂದು ಅಚ್ಚು ಮಾಡಿಸ್ಬುಡ್ತೀನಿ."

ಹೇಳಿದಂತೆ ಮಾಡಿಸಿಯೇಬಿಟ್ಟರು. ಹೊಸ ಅಚ್ಚಿನ ತುಂಬ ಬಾಣದ ಗುರುತು. ಎಲ್ಲೆಲ್ಲಿ ಮರ ಯಾವ ಕಡೆಗೆ ಜಗ್ಗಬೇಕೆಂದು ಕೆಂಪು ಮಸಿಯಲ್ಲಿ ಹಾಕಿಸಿದ್ದರು. ಕೆಳಗೆ ಅಂದವಾಗಿ 'ಧರಣಿ ಆನೆ' ಎಂದು ಬರೆಸಿದ್ದರು.

ಧರಣಿ ಮೊದಲ ಬಾಣದ ಮೇಲೆ ಬೆರಳಿಟ್ಟಳು. ಇಲ್ಲೇ ಇರು, ಎಳಿ ಎಂದುಕೊಂಡಳು. ಇನ್ನು ಎಳೆಯುವುದಕ್ಕೆ ಏನು ಉಳಿದಿದೆಯೆಂದು ಎಷ್ಟು ಹೊತ್ತು ಕೂತರೂ ಹೊಳೆಯಲಿಲ್ಲ.