ಬೇಸೋ, ಸುಭದ್ರಾಬೆನ್

ಸಮಜ್ ಪಡೀ? ಎನ್ನುತ್ತಾರೆ ಮೇಡಂ, ತರಗತಿಯೆಲ್ಲ ತಲೆದೂಗುತ್ತದೆ, ಸುಭದ್ರಾಳ ತಲೆಯೂ ದೂಗುತ್ತದೆ, ತಲೆಗೇನು, ಮದುವೆಯಾದಾಗಿನಿಂದ ದೂಗಿ ಅಭ್ಯಾಸವಾಗಿದೆ, ಒಳಗೆ ಮಾತ್ರ ಪಡಿ ಎಂಬ ಮಾತೊಂದೇ ಉಳಿದು ತವರಿನಲ್ಲಿ ಅವ್ವ ಜೋಳ ಅಳೆಯುತ್ತಿದ್ದ ಹಿತ್ತಾಳೆಯ ಪಡಿ ಕಣ್ಣೆದುರು ಬರುತ್ತದೆ — ತಿಳಿಯಿತೇ ಅಂತ ಅದರರ್ಥವಂತೆ, ಪಕ್ಕದ ಧ್ರುವಿ ಹೇಳಿಕೊಟ್ಟದ್ದು, ತಿಳಿಯಿತೇ ಅನ್ನುವುದೇ ತಿಳಿಯದಿದ್ದರೆ ಹೂಂ ಅನ್ನುವುದಾದರೂ ಯಾವುದಕ್ಕೆ. ಮಗಳು ಅಮೂಲ್ಯಾಳಿಗಿಂತ ಸಣ್ಣವಳು ಈ ಧ್ರುವಿ, ಮೊದಲ ದಿನ ಬಾಗಿಲಲ್ಲಿ ನಿಂತವಳನ್ನು ಕಂಡು ಬೇಸೋ ಬೇಸೋ ಅಂದಳು, ರಾಯಚೂರಿನ ಕಿವಿಗೆ ಬೇಸ್ ಅಂದರೆ ಚೆನ್ನ, ಬೇಸದೀನವ್ವ, ನೀ ಬೇಸದೀಯೇನು ಎಂದು ನಗುತ್ತ ನಿಂತೇ ಇದ್ದಳು ಸುಭದ್ರಾ, ಹುಡುಗಿ ಕೈಹಿಡಿದು ಬೆಂಚಿನ ಮೇಲೆ ಕೂಡ್ರಿಸಿದ ಮೇಲೆ ತಿಳಿಯಿತು, ಕುಂದ್ರು ಅನ್ನುತ್ತಿದ್ದಾಳೆ ಅಂತ, ಆ ಕೈಯ ಬಿಸಿ ಇನ್ನೂ ಮಣಿಕಟ್ಟಿನಲ್ಲಿದೆ, ಆಮೇಲೆ ಗೇಟಿನಾಚೆಯ ಗಾಡಿಯಲ್ಲಿ ಸೇವ್ ಉಸಳ್ ತಿನ್ನಿಸಿ, ಆಂಟಿ ಖಾರ ಆಯಿತೇ ಎಂದು ತಾನೇ ಕಣ್ಣೀರು ಸುರಿಸಿಕೊಂಡಳು, ರಾಯಚೂರಿನವಳಿಗೆ ಖಾರವಂತೆ.

ಗಂಡ ದಾಮೋದರನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡದಿದ್ದರೆ, ಅಮೂಲ್ಯಾ ಪುಣೆಗೆ ನೌಕರಿಗೆಂದು ಹೋಗಿ ಮಂಜಲ್‌ಪುರದ ಫ್ಲ್ಯಾಟು ಭಣಗುಡದಿದ್ದರೆ, ಎಂ.ಎ. ಅನ್ನುವ ಹಳೆಯ ಆಸೆ ಮಸಾಲೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಘಮ್ಮೆಂದು ಏಳುತ್ತಿರಲಿಲ್ಲ, ಓದ್ಬೇಕು ಅಂತಿದ್ದೆಲ್ಲ, ಓದು ಅಂದರು ಅವರು, ಅಷ್ಟೇ, ಅತ್ತೆ ಗಿರಿಜಮ್ಮ ಕೆಳಗಿನ ಕಟ್ಟೆಯ ಮೇಲೆ ಕೂತು ನಮ್ಮ ಸುಭದ್ರಾ ಯುನಿವರ್ಸಿಟಿಯಾಗ ಅದಾಳ ಎಂದು ಸಾರಿಬಿಟ್ಟರು, ಹೌಸಿಂಗ್ ಸೊಸೈಟಿಯ ಹೆಂಗಸರು ಪಾಠ ಹೇಳುವವಳೆಂದೇ ತಿಳಿದು ಈಗ ನಮಸ್ತೆ ಟೀಚರ್ ಅನ್ನುತ್ತಾರೆ, ಟೀಚರಂತೆ, ಏನೂ ತಿಳಿಯದೆ ಬಾಯಿ ಒಣಗಿಸಿಕೊಂಡು ಕೂರುವ ಟೀಚರು. ಮೊನ್ನೆ ರೊಟ್ಟಿ ಬಡಿಯುತ್ತ ಹೇಳಿಯೇಬಿಟ್ಟಳು, ಬಿಡ್ತೀನ್ರಿ, ಪಾಠೆಲ್ಲ ಗುಜರಾತಿಯಾಗ ಹೋಗಿಬಿಡ್ತದ, ನನ್ನ ಕಡೆಯಿಂದ ಆಗಂಗಿಲ್ಲ, ಅವರು ಚಹಾ ಲೋಟ ಕೆಳಗಿಟ್ಟು, ಬಿಡು, ಆದ್ರ ಸೆಮಿನಾರ್ ಮುಗಿಸಿ ಬಿಡು, ಅಂಜಿ ಬಿಟ್ಲು ಅಂತ ಆಗೋದು ಬ್ಯಾಡ ಅಂದರು, ಅತ್ತೆ ಪಕ್ಕಕ್ಕೆ ಬಂದು ಕೂತು ಹಿಟ್ಟಿನ ಮುದ್ದೆಯನ್ನು ತಮ್ಮ ಕಡೆ ಎಳೆದುಕೊಂಡು, ಏಳು, ಓದ್ಕೋ ಹೋಗು ಅಂದರು — ಮಂಡಿ ನೋಯುವ ಜೀವ, ಅಂದಿನಿಂದ ರೊಟ್ಟಿಯ ಸದ್ದು ಅವರದೇ, ಪಟಪಟ, ಪಟಪಟ —

ಸುಭದ್ರಾಬೆನ್! ಮೇಡಂ ಕರೆಯುತ್ತಿದ್ದಾರೆ, ಸೆಮಿನಾರಿನ ಸರದಿ ಬಂದೇಬಿಟ್ಟಿತು, ಎದ್ದಳು, ವಲಸೆ ಮತ್ತು ಕುಟುಂಬ ಎಂದು ತಾನೇ ಬರೆದ ಇಂಗ್ಲಿಷ್ ಪ್ರಬಂಧವನ್ನು ಬೇರೆ ಯಾರದೋ ಗಂಟಲಲ್ಲಿ ಓದಿದಳು, ಮುಗಿಯಿತು, ಉಸಿರು ಬಿಟ್ಟಳು, ಹಿಂದಿನ ಸಾಲಿನ ಹುಡುಗನೊಬ್ಬ ಗುಜರಾತಿಯಲ್ಲಿ ಏನೋ ಕೇಳಿದ, ಸುಭದ್ರಾ ತಲೆದೂಗಿದಳು, ಉತ್ತರ ಬೇಡುವ ಪ್ರಶ್ನೆಗೆ ತಲೆದೂಗಿದಳು, ಯಾರೋ ಕಿಸಕ್ಕೆಂದರು, ಕಿವಿ ಸುಟ್ಟಿತು, ಕೂತುಬಿಡು, ಹೋಗಿಬಿಡು, ನಾಳೆಯಿಂದ ಬರುವುದೇ ಬೇಡ, ಆದರೆ ಬಾಯಿ ಯಾಕೋ ತಲೆಯ ಮಾತು ಕೇಳಲಿಲ್ಲ, ನನಗೆ ತಿಳಿಯಲಿಲ್ಲ ಎಂದಿತು ಹಿಂದಿಯಲ್ಲಿ, ಇದೊಂದೇ ಅಲ್ಲ ಮೇಡಂ, ಶುರುವಿನಿಂದಲೂ ನನಗೆ ಗುಜರಾತಿ ತಿಳಿಯುವುದಿಲ್ಲ, ಸುಮ್ಮನೆ ತಲೆದೂಗುತ್ತೇನೆ. ಅರೇ, ಮೇಡಂ ಕನ್ನಡಕ ತೆಗೆದರು, ನೀವು ತಲೆದೂಗುವುದು ನೋಡಿಯಲ್ಲವೇ ನಾನು ಮುಂದಕ್ಕೆ ಹೋಗುತ್ತಿದ್ದದ್ದು, ಹೇಳಬಾರದಿತ್ತೇ ಬೆನ್, ಅಕ್ಕ ಎಂದು ಕರೆದ ಆ ದನಿಯಲ್ಲಿ ಬೈಗುಳವಿಲ್ಲ, ಸಂಕಟವಿದೆ, ಅಷ್ಟರಲ್ಲಿ ಆ ಹುಡುಗನೇ ಎದ್ದು ಹಿಂದಿಯಲ್ಲಿ ಮತ್ತೆ ಕೇಳಿದ, ಊರು ಬಿಟ್ಟವರ ಮನೆಯಲ್ಲಿ ಮೊದಲು ಬದಲಾಗುವುದು ಊಟವೋ ಭಾಷೆಯೋ ಆಂಟಿ, ಅಯ್ಯೋ ಇಷ್ಟೇನಾ, ಇದಕ್ಕೆ ಪುಸ್ತಕ ಯಾಕೆ ಬೇಕು, ಜೋಳದ ರೊಟ್ಟಿ ಕದಲಿಲ್ಲ, ಆದರೆ ನಮ್ಮ ಅತ್ತೆ ಬದನೆಕಾಯಿ ಚೌಕಾಸಿ ಮಾಡುತ್ತ ಮಾಡುತ್ತ ನನಗಿಂತ ಮೊದಲೇ ಗುಜರಾತಿಯಲ್ಲಿ ಜಗಳವಾಡಲು ಕಲಿತರು ಅಂದಳು, ತಪ್ಪು ಹಿಂದಿ, ಲಿಂಗವೆಲ್ಲ ಅದಲು ಬದಲು, ಆದರೂ ತರಗತಿ ನಗುತ್ತಿದೆ, ಕಿಸಕ್ಕೆಂದ ನಗೆಯಲ್ಲ ಇದು, ಧ್ರುವಿ ಬೆಂಚು ಬಡಿಯುತ್ತಿದ್ದಾಳೆ, ಇವರೆಲ್ಲ ಯಾರು ನನಗೆ, ಯಾವ ಜನ್ಮದ ಬಂಧುಗಳು, ಬಿಡ್ತೀನಿ ಅಂದವಳ ಬಾಯಿಗೆ ಬೀಗ ಹಾಕಬೇಕು, ಇವತ್ತು ಮನೆಗೆ ಹೋಗಿ ಅತ್ತೆಯ ಮಂಡಿಗೆ ಎಣ್ಣೆ ಹಚ್ಚಬೇಕು, ಬಿಡಂಗಿಲ್ಲರೀ ಅನ್ನಬೇಕು ಗಂಡನಿಗೆ. ಮೇಡಂ ಹಲಗೆಯ ಕಡೆ ತಿರುಗಿದರು, ಒಂದು ವಾಕ್ಯ ಗುಜರಾತಿಯಲ್ಲಿ, ಸೀಮೆಸುಣ್ಣ ನಿಂತಿತು, ಅದನ್ನೇ ಹಿಂದಿಯಲ್ಲಿ, ಬರೆದುಕೊಳ್ಳುತ್ತಿದ್ದಾಳೆ ಸುಭದ್ರಾ, ಎಲ್ಲವೂ ತಿಳಿಯುತ್ತಿದೆ ಎಂದಲ್ಲ, ಮತ್ತೆ ಒಂದು ವಾಕ್ಯ, ಮತ್ತೆ ನಿಂತಿತು ಸೀಮೆಸುಣ್ಣ, ಒಂದು ಶಬ್ದ ತಪ್ಪಿಹೋಗಿ ತಲೆಯೆತ್ತಿದಳು, ಈ ಸಲ ತಲೆದೂಗಲಿಲ್ಲ, ಮೇಡಂ ಹಿಂದಕ್ಕೆ ತಿರುಗಿ ಅವಳನ್ನೇ ನೋಡುತ್ತಿದ್ದಾರೆ, ಕೈ ಎತ್ತಿದ್ದು ಎತ್ತಿದ ಹಾಗೇ, ಹಲಗೆಗೆ ಇನ್ನೂ ತಾಗದ ಆ ಸೀಮೆಸುಣ್ಣದ ಬಿಳಿ ತುದಿ, ಕಾಯುತ್ತ —