ಭಾವನ ಬಲಗೈ

ಹಲ್ಲಿನ ಸೆಟ್ ಕಟ್ಟುವ ಅವಳ ಕೈ ಒಂದಿಷ್ಟೂ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಭಾವ ಅವಳನ್ನು ಕರೆದಿದ್ದ. ಹೆಬ್ಬೆರಳಿನೆತ್ತರದ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ, ದಾಳ ಉರುಳಿಸಿ, ಚೆಂಡನ್ನು ಕೈಯಲ್ಲೇ ಹೊತ್ತು ಗೆರೆ ದಾಟಿಸಿ ಆಡುವ ಫುಟ್‌ಬಾಲಿನಲ್ಲಿ ಅಕ್ಕನ ಗಂಡ, ವೃತ್ತಿಯಲ್ಲಿ ಕ್ಷೌರಿಕ, ಏಳು ಸಲ ಲೀಗ್ ಗೆದ್ದ ಕೋಚ್, ಅಂದರೆ ತಂಡ ಆಡಿಸುವವ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಒಂದು ಗೊಂಬೆ ಎತ್ತಲು ಹೋದರೆ ನಾಲ್ಕು ಉರುಳುತ್ತಿದ್ದವು.

ಹಾಗಾಗಿ ಭಾನುವಾರ ಮಧ್ಯಾಹ್ನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಭಾವ ಹೇಳುವುದು, ಅವಳು ಆಡಿಸುವುದು ಎಂದಾಯಿತು.

ಅವಳಿಗೋ ವಿಪರೀತ ಆತುರ. ಚೆಂಡು ಸಿಕ್ಕಿದ್ದೇ ತಡ, ಓಡಿಸಲು ಕೈ ಚಾಚುತ್ತಿದ್ದಳು.

"ತಾಳು ತಾಯಿ! ದಾಳ ಬೇಡದ ಕೆಲಸ ಮೊದಲು ಮುಗಿಸು. ಚೆಂಡಿನ ಸುತ್ತ ಜನ ನಿಲ್ಲಿಸು. ದಾಳ ಕೈಕೊಟ್ರೆ ನಮ್ಮ ಸರದಿ ಅಲ್ಲಿಗೇ ಖಲಾಸ್."

ಲೀಗಿನ ಕೊನೆಯ ಪಂದ್ಯಕ್ಕೆ ಎದುರಾದವನು ಈ ವರ್ಷವಷ್ಟೇ ಸೇರಿದ್ದ ಬಸ್ ಡ್ರೈವರ್. ಇಬ್ಬರದೂ ಒಂದೊಂದು ಗೋಲು, ಸಮ. ಉಳಿದಿದ್ದು ಇಬ್ಬರಿಗೂ ಒಂದೊಂದೇ ಸರದಿ. ದಣಿವಿಗೆ ಭಾವನ ಮಾತು ತೊದಲತೊಡಗಿತು.

"ನೀನೇ ನೋಡು," ಎಂದು ಕಣ್ಣು ಮುಚ್ಚಿಕೊಂಡ.

ಈ ಸಲ ಅವಳು ಆತುರಪಡಲಿಲ್ಲ. ಒಂದೊಂದೇ ಗೊಂಬೆಯನ್ನು ಜಾಗಕ್ಕೆ ಸೇರಿಸಿ, ಕಟ್ಟಕಡೆಗೆ ಚೆಂಡು ಹಿಡಿದವನನ್ನು ಓಡಿಸಿದಳು. ದಾಳದಲ್ಲಿ ಒಂದು ಬಿಟ್ಟು ಏನು ಬಿದ್ದರೂ ಗೆಲುವು.

ಬಿದ್ದಿದ್ದು ಒಂದೇ. ಗೊಂಬೆ ಮುಗ್ಗರಿಸಿತು, ಚೆಂಡು ಜಾರಿತು. ಡ್ರೈವರ್ ಎತ್ತಿಕೊಂಡು ಹೋಗಿ ಗೆರೆ ದಾಟಿಸಿ ಗೋಲು ಗಳಿಸಿದ.

"ನನ್ನಿಂದ ಸೋತ್ರಿ ಭಾವ."

"ಎಲ್ಲಿ ತಪ್ಪಿದೆ, ಹೇಳು ನೋಡೋಣ."

ನೆನಪಿಸಿಕೊಂಡಳು. ಎಲ್ಲೂ ತಪ್ಪಿರಲಿಲ್ಲ.

"ಮತ್ತ್ಯಾಕೆ ಮುಖ ಊದಿಸ್ಕೊಂಡಿದ್ದೀಯ? ನಾನಾಗಿದ್ರೂ ಅದನ್ನೇ ಆಡ್ತಿದ್ದೆ," ಎಂದವನೇ ಭಾವ ಡ್ರೈವರ್ ಕಡೆ ತಿರುಗಿದ. "ಮೂರನೇ ಸರದೀಲಿ ನನ್ನ ಎಡಗಡೆ ಬಾಗಿಲು ತೆರೆದ ಹಾಗಿತ್ತು, ನೀನು ನೋಡ್ಲೇ ಇಲ್ಲ. ಬಾ, ತೋರಿಸ್ತೀನಿ."

ಲೀಗ್ ಕಪ್ ಕಸಿದುಕೊಂಡವನಿಗೇ ಪಾಠ! ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಭಾವ ಹೇಳಿದಂತೆ ಗೊಂಬೆ ಜೋಡಿಸುತ್ತ ಹೋದಳು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಉರಿ ಇಳಿದು, ಅವಳೇ ಪ್ರಶ್ನೆ ಕೇಳುತ್ತಿದ್ದಳು.

"ಮುಂದಿನ ವರ್ಷ ನಿನ್ನದೇ ತಂಡ ಕಟ್ಟು," ಎಂದ ಭಾವ.

"ನಾವಿಬ್ರೇ ಎದುರಾದ್ರೆ ನಿಮ್ಮ ಗೊಂಬೆ ಯಾರು ನಡೆಸ್ತಾರೆ?"

"ದಿನಾ ಎಂಟು ಗಂಟೆ ಸ್ಟೀರಿಂಗ್ ಹಿಡಿಯೋ ಕೈ ಇದೆಯಲ್ಲ," ಎಂದು ಡ್ರೈವರ್ ಎರಡೂ ಅಂಗೈ ಚಾಚಿದ.

ಮುಂದಿನ ವರ್ಷದ ಮೊದಲ ಪಂದ್ಯದಲ್ಲಿ ಭಾವನೇ ಎದುರಾಳಿ. ಅವಳು ಎರಡು ಗೋಲಿನಿಂದ ಸೋತಳು. ಭಾವ ಮಾತ್ರ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, "ನನ್ನ ನಾದಿನಿ ಕಣ್ರೀ, ನನ್ನ ಬೆವರಿಳಿಸಿಬಿಟ್ಲು," ಎಂದು ಹೇಳಿಕೊಂಡು ತಿರುಗುತ್ತಿದ್ದ.