ಮೊದಲ ಗುದ್ದಲಿ

"ಯಾರೂ ಬಾಯಿ ತೆಗೀಬ್ಯಾಡ್ರೇ. ಮಂತ್ರಿ ಹೋಗೋಗಂಟ ಒಂದು ಸಣ್ಣ ದನಿ ಹೊರಗೆ ಕೇಳಬಾರ್ದು," ಎಂದು ಗೌಡರ ಮನೆಯ ಕರಿಬಸಮ್ಮ ತಮ್ಮ ಬಾಯಿಗೇ ಮೊದಲು ಸೆರಗು ಒತ್ತಿಕೊಂಡರು. ಚಾಪೆಯ ಮೇಲೆ ಜೈನಾಬಿ ಸತ್ತು ಮಲಗಿದ್ದಳು. ಕೋಳಿ ಕೂಗುವ ಹೊತ್ತಿಗೆ ಹೋದ ಜೀವ. ಶಿವನಿಯಿಂದ ಬಂದಿದ್ದ ಸಾಬರ ಹೆಂಗಸರಿಬ್ಬರು ಮೈ ತೊಳೆಸಿ, ಬಿಳಿ ಬಟ್ಟೆ ಸುತ್ತಿ, ಗೋಡೆಗೆ ಒರಗಿ ಕೂತಿದ್ದರು. ಸತ್ತವರ ಮನೆಯಲ್ಲಿ ಅಳುವುದಕ್ಕೂ ಅಪ್ಪಣೆ ಬೇಕು ಎನ್ನುವುದು ಅವರಿಗೆ ಹೊಸ ಸುದ್ದಿ. ಒಬ್ಬಳು ಏನೋ ಕೇಳಲು ಹೋದಳು, ಇನ್ನೊಬ್ಬಳು ಅವಳ ತೊಡೆ ಚಿವುಟಿದಳು.

ಹೊರಗೆ ಜಗಲಿಯ ಮೇಲೆ ಅವಳ ಗಂಡ ಬುಡನ್ ಸಾಬಿ ಗುದ್ದಲಿ ಹಿಡಿದು ಕೂತಿದ್ದ. ಮಲ್ಲೇನಕಟ್ಟೆಗೆ ಇದ್ದ ಒಂದೇ ಸಾಬರ ಮನೆ ಅವನದು. ಕುಲಕಸುಬು ಹತ್ತಿ ಎಕ್ಕುವುದು. ಊರಿನಲ್ಲಿ ಯಾರೇ ಮದುವೆಯಾಗಲಿ, ಅವರು ಮೊದಲು ಮಲಗುವ ಹಾಸಿಗೆ ಇವನ ಕೈಯದು. ಅದರ ಜೊತೆಗೆ ಬಾಬಯ್ಯನ ಮಕಾನಿಗೆ ದೀಪ ಹಚ್ಚುವುದೂ ಅಪ್ಪನ ಕಾಲದಿಂದ ಬಂದ ಕೆಲಸ. ಮೊಹರಮ್ಮಿನಲ್ಲಿ ಬಾಬಯ್ಯನ ಹಸ್ತದ ಪಂಜ ಎತ್ತುವವನು ಅವನು. ಕೆಂಡ ಹಾಯುವವರು ಗೌಡರ ಮಕ್ಕಳು. ಸಕ್ಕರೆ ಓದಿಸಿಕೊಂಡು ಹೋಗುವವರು ಊರಿನ ಹೆಂಗಸರೆಲ್ಲ. ಅಂದಮೇಲೆ ಹಬ್ಬ ಯಾರದು ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಮಕಾನಿನ ಹಿಂದೆ ಒಂದು ಪಟ್ಟಿ ಜಾಗ. ಗೌಡರ ಮನೆಯ ಹಿರಿಯರು ಯಾವುದೋ ಹರಕೆಗೆ ಬಾಬಯ್ಯನಿಗೆ ಬಿಟ್ಟದ್ದು, ಬರಿಯ ಬಾಯಿಮಾತಿನಲ್ಲಿ. ಅದರ ಹಿಂದಿನ ಮೂಲೆಯಲ್ಲಿ ಬುಡನ್ ಸಾಬಿಯ ಅಪ್ಪ ಅವ್ವ ಇದ್ದಾರೆ. ಅವರ ಕಾಲದೆಸೆಯಲ್ಲಿ, ಹುಟ್ಟಿ ಹೆಸರಿಡುವ ಮುಂಚೆಯೇ ಹೋದ ಅವನ ಮೂರು ಮಕ್ಕಳು. ಮತ್ತೆ ಮಕ್ಕಳಾಗಲಿಲ್ಲ. ಜೈನಾಬಿ ಕಾಯಿಲೆ ಬಿದ್ದಾಗಿನಿಂದ ಒಂದೇ ಮಾತು ಹಿಡಿದಿದ್ದಳು. "ನನ್ನ ಅಲ್ಲೇ ಹಾಕು ಕಣಯ್ಯ. ಬದುಕಿದ್ದಾಗಂತೂ ಅವನ್ನ ಪಕ್ಕದಾಗೆ ಮಲಗಿಸಿಕೊಳ್ಳೋ ಯೋಗ ಇರಲಿಲ್ಲ." ಅವನು ಹೂಂ ಅಂದಿದ್ದ. ಅದೇನು ದೊಡ್ಡ ಮಾತೇ, ಅಲ್ಲದೆ ಇನ್ನೆಲ್ಲಿ ಹಾಕಲಿ ಎಂದು ಅವನ ಎಣಿಕೆ.

ಆದರೆ ಬೆಳಿಗ್ಗೆ ಕುಣಿ ತೆಗೆಯಲು ಹೋದವನು ಗುದ್ದಲಿ ಎತ್ತದೆ ವಾಪಸು ಬಂದಿದ್ದ. ಸುಣ್ಣದ ಗೆರೆ ಮಕಾನಿನ ಗೋಡೆಯಿಂದ ಹೊರಟು ಇಡೀ ಪಟ್ಟಿಯನ್ನು ಸುತ್ತಿ, ಮಕ್ಕಳ ಗೋರಿಯ ಆಚೆ ಹಾದು ಹೋಗಿತ್ತು. ಅಲ್ಲಿ ಏಳಲಿದ್ದದ್ದು ಸರ್ವಧರ್ಮ ಸಮುದಾಯ ಭವನ. ಚುನಾವಣೆ ಹತ್ತಿರ ಬಂದಿತ್ತು. ಪಂಚಾಯ್ತಿ ಚೇರ್ಮನ್ ತಿಮ್ಮರಾಯಪ್ಪನಿಗೆ ಅಸೆಂಬ್ಲಿ ಟಿಕೀಟಿನ ಆಸೆ. ಲಕ್ಕವಳ್ಳಿ ಡ್ಯಾಂ ನೋಡಲು ಬಂದ ಮಂತ್ರಿಗಳು ಹಿಂದಿರುಗುವಾಗ ಇಲ್ಲಿ ಇಳಿದು ಕಲ್ಲು ಇಡುವವರಿದ್ದರು. ಗೋರಿಯ ಮೂಲೆ ಬಿಟ್ಟು ಕಟ್ಟುತ್ತೇವೆಂದು ತಿಮ್ಮರಾಯಪ್ಪ ಊರ ಮುಂದೆಯೇ ಹೇಳಿದ್ದ. ಗೆರೆ ಎಳೆದದ್ದು ನಿನ್ನೆ ಸಂಜೆ.

ತಿಮ್ಮರಾಯಪ್ಪ ಗರಿಗರಿ ಖಾದಿ ಜುಬ್ಬ ತೊಟ್ಟು, ಹಿಂದೆ ತನ್ನ ಬಂಟ ಚಿಕ್ಕಬೀರಪ್ಪನನ್ನು ಹಾಕಿಕೊಂಡು ಬಂದ. ಹಾಕಿದ ಮೊದಲ ಪ್ರಶ್ನೆ, "ಹೋಗಿದ್ದು ಊರಾಗೆ ಯಾರ್‍ಯಾರಿಗೆ ಗೊತ್ತು?"

"ನಿಮ್ಮವ್ವಾರಿಗೆ ಹೇಳಿದ್ದೆ. ಇನ್ಯಾರಿಗೂ ಇಲ್ಲ ಗೌಡ್ರೇ."

"ಒಳ್ಳೇದಾಯ್ತು." ಆಮೇಲೆ ನೆನಪಾಗಿ, "ಛೇ, ಪಾಪ. ಇವತ್ತೇ ಆಗ್ಬೇಕಿತ್ತಾ," ಎಂದ.

ಈ ತಿಮ್ಮರಾಯಪ್ಪ ಹುಟ್ಟಿದ್ದೇ ಬಾಬಯ್ಯನ ಹರಕೆಯಿಂದ. ಕರಿಬಸಮ್ಮನಿಗೆ ಮಕ್ಕಳು ನಿಲ್ಲದೆ ಹೋದಾಗ ಮಕಾನಿಗೆ ನಡೆದುಕೊಂಡು, ಲೋಬಾನದ ಬೂದಿ ತಿಂದು ಹೆತ್ತ ಮಗ. ಚಿಕ್ಕಂದಿನಲ್ಲಿ ಮೊಹರಮ್ಮಿಗೆ ಕೊರಳಿಗೆ ಕೆಂಪು ದಾರ ಕಟ್ಟಿ ಅವನನ್ನು ಫಕೀರ ಮಾಡುತ್ತಿದ್ದರು. ಆಗ ಬುಡನ್ ಮಾವ ಎನ್ನುತ್ತಿದ್ದವನು ಮೀಸೆ ಬಂದ ಮೇಲೆ ಲೇ ಬುಡಾನ ಎನ್ನತೊಡಗಿದ. ದೊಡ್ಡ ಮನುಷ್ಯರಾಗುವುದು ಅಂದರೆ ಹೀಗೇ ಇರಬೇಕು.

"ಗೆರೆ ಮೂಲೆ ಮ್ಯಾಲೇ ಬಂದೈತಲ್ಲ," ಎಂದ ಬುಡನ್ ಸಾಬಿ. "ಅವಳನ್ನ ಎಲ್ಲಿ ಹಾಕಲಿ ನಾನು?"

"ಗೆರೆ ಏನ್ಲೇ, ಸುಣ್ಣ. ಎಂಜಿನಿಯರು ತಿಳೀದೆ ಎಳೆದವ್ನೆ. ಈಗ ಅಳಿಸ್ತಾ ಕೂತ್ರೆ ಆಗಾಕಿಲ್ಲ. ನೀನು ಬಂದು ಮೊದಲ ಗುದ್ದಲಿ ಹಾಕು. ಮಂತ್ರಿಗಳಿಗೆ ಹೇಳ್ಬಿಟ್ಟಿದೀನಿ, ನಮ್ಮೂರಾಗೆ ಸಾಬ್ರು ಗುದ್ದಲಿ ಹಾಕದೆ ದೇವಸ್ಥಾನಾನೂ ಕಟ್ಟಾಕಿಲ್ಲ ಅಂತ. ಅವರು ಕುಣಿದಾಡ್ಬಿಟ್ರು."

"ಹೆಣ ಮನೇಲಿ ಮಡಗಿಕೊಂಡು ಬರಾದಾ?"

"ಅದಕ್ಕೇ ಬಾಯಿ ಬಿಡಬ್ಯಾಡ ಅಂದಿದ್ದು. ಸೂತಕದ ಕೈ ಅಂತ ಗೊತ್ತಾದ್ರೆ ಜನ ಎದ್ದು ಹೋಯ್ತಾರೆ. ಮಂತ್ರಿ ಊರು ಬಿಡ್ಲಿ, ಆ ಮೂಲೆ ನಿಂದು. ಬಾಬಯ್ಯನಾಣೆ."

ಬಾಬಯ್ಯನ ಕೂಸು ಬಾಬಯ್ಯನ ಆಣೆ ಇಟ್ಟರೆ ನಂಬದೆ ಏನು ಮಾಡಬೇಕು? ಬುಡನ್ ಸಾಬಿ ನಂಬಿದ. ನಂಬುವುದೇ ಅಭ್ಯಾಸವಾದ ಜನ ಹಾಗೇ ಸಾಯುವುದು.

ಆ ಊರಿನಲ್ಲಿ ಮೊದಲ ಗುದ್ದಲಿ ಎಂದರೆ ಹುಡುಗಾಟವಲ್ಲ. ಮನೆಯ ಪಾಯವಾಗಲಿ, ಬಾವಿಯಾಗಲಿ, ಬುಡನ್ ಸಾಬಿ ಲೋಬಾನ ಹಾಕಿ, ನವಿಲುಗರಿ ಆಡಿಸಿ, ಮಣ್ಣಿಗೆ ಒಂದು ಏಟು ಹಾಕಬೇಕು. ಆಮೇಲೆ ಆ ನೆಲ ಯಾವುದಕ್ಕೆಂದು ಗುದ್ದಲಿ ಬಿತ್ತೋ ಅದಕ್ಕೇ ಮೀಸಲು. ಬದಲಾಯಿಸಿದರೆ ಮನೆಗೆ ಕೇಡು. ರಂಗಪ್ಪನ ತೋಟದ ಬಾವಿಯಲ್ಲಿ ನೀರಿನ ಬದಲು ಬಂಡೆ ಬಂದಿತ್ತು. ಮುಚ್ಚಿ ತೆಂಗಿನ ಸಸಿ ಇಡುತ್ತೇನೆಂದು ಅವನು ಗೋಗರೆದ. "ಬಾವಿ ಅಂತ ಗುದ್ದಲಿ ಹಾಕೈತೆ, ಬಾವೀನೇ," ಎಂದು ಖಂಡಿತವಾಗಿ ಹೇಳಿದವನು ಇದೇ ಬುಡನ್ ಸಾಬಿ. ಇವತ್ತಿಗೂ ಆ ಒಣಗುಂಡಿ ಹಾಗೇ ಬಾಯಿ ಬಿಟ್ಟುಕೊಂಡಿದೆ. ರಂಗಪ್ಪನ ಕರು ಬಿದ್ದು ಕಾಲು ಮುರಿದುಕೊಂಡದ್ದೂ ಅದರಲ್ಲೇ.

ಮಂತ್ರಿಗಳು ಬಂದಾಗ ಬಿಸಿಲು ನೆತ್ತಿಗೇರಿತ್ತು. ಚಪ್ಪರದ ಕೆಳಗೆ ಎಡಕ್ಕೆ ಮಠದ ಅಯ್ಯನವರು, ಬಲಕ್ಕೆ ಭಟ್ಟರು, ನಡುವೆ ಬುಡನ್ ಸಾಬಿ. ಅವನ ತಲೆಗೆ ಚಿಕ್ಕಬೀರಪ್ಪ ಎಲ್ಲಿಂದಲೋ ತಂದ ಹೊಸ ಪೇಟ ಸುತ್ತಿದ್ದ. ಸೆಕೆ ಏರುತ್ತಿತ್ತು. ಈ ಸೆಕೆಗೆ ಮನೆಯೊಳಗೆ ಅವಳು ಹೇಗಿದ್ದಾಳೋ ಎನ್ನುವುದೊಂದೇ ಅವನ ತಲೆಯಲ್ಲಿ. ಬೆಳಿಗ್ಗೆಯಿಂದ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಹಾಕಿದರೆ ಜನಕ್ಕೆ ಗೊತ್ತಾಗುತ್ತದೆ ಎಂಬ ಹೆದರಿಕೆ.

ಮಂತ್ರಿಗಳು ಒಳ್ಳೆಯ ಮಾತುಗಾರರು, ಮುಖದಲ್ಲಿ ಕಪಟವಿರಲಿಲ್ಲ. ಈ ದೇಶದಲ್ಲಿ ಎಲ್ಲ ಧರ್ಮಗಳೂ ಸಮಾನ ಎಂದು ದೆಹಲಿಯಲ್ಲಿ ಈಗ ಹೇಳುತ್ತಿದ್ದೇವೆ, ಮಲ್ಲೇನಕಟ್ಟೆಯವರು ಅದನ್ನು ಯಾವತ್ತೋ ಮಾಡಿ ತೋರಿಸಿದ್ದಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. "ಸಾಹೇಬರೂ ಎರಡು ಮಾತಾಡಬೇಕು," ಎಂದು ಅವರೇ ಮೈಕು ಬಿಟ್ಟುಕೊಟ್ಟರು. ಚಿಕ್ಕಬೀರಪ್ಪ ಬೆಳಿಗ್ಗೆ ಕಲಿಸಿಕೊಟ್ಟ ಮಾತು ಬುಡನ್ ಸಾಬಿಗೆ ಬಾಯಿಪಾಠವಾಗಿತ್ತು.

"ನಮ್ಮೂರಾಗೆ ನಂಗೇನೂ ಕಮ್ಮಿ ಇಲ್ಲ ಬುದ್ಧಿ. ಎಲ್ರೂ ಅಣ್ಣತಮ್ಮಂದಿರು."

ಮತ್ತೆ ಚಪ್ಪಾಳೆ. ಆಮೇಲೆ ಲೋಬಾನದ ಹೊಗೆ ಎದ್ದಿತು. ಅವನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಊರವರು ಭವನಕ್ಕೆ ಓದುತ್ತಿದ್ದಾನೆಂದು ಕೈ ಮುಗಿದರು. ಅವನು ಓದಿದ್ದು ಹೆಂಡತಿಗೆ. ಗುದ್ದಲಿ ಎತ್ತಿ ಹಾಕಿದ. ಮಣ್ಣು ಮೆತ್ತಗಿತ್ತು, ಒಂದೇ ಏಟಿಗೆ ಅಂಗೈಯಗಲ ಹೆಂಟೆ ಎದ್ದಿತು. ಫೋಟೋದವನು ಚಿತ್ರ ಸರಿಯಾಗಿ ಸಿಗಲಿಲ್ಲ ಎಂದ. ಇನ್ನೊಂದು ಸಲ ಎತ್ತಿ ಹಾಕಿಸಿದರು.

ಮಂತ್ರಿಗಳು ಗೌಡರ ಮನೆಯಲ್ಲಿ ಊಟಕ್ಕೆ ಕೂತರು. ಕೂತವರು ಉಂಡು, ಎಲೆಅಡಿಕೆ ಹಾಕಿ, ಸ್ವಲ್ಪ ಅಡ್ಡಾದರು. ಬುಡನ್ ಸಾಬಿ ಕಾಯಲಾರದೆ ಹಿತ್ತಿಲಿಗೆ ಬಂದು ನಿಂತ. ಊರ ಗಂಡಸರು ಅಲ್ಲಿ ಸಾಲಾಗಿ ಉಣ್ಣುತ್ತಿದ್ದರು. ತಿಮ್ಮರಾಯಪ್ಪ ಕೈ ತೊಳೆಯಲು ಬಂದ.

"ಗೌಡ್ರೇ, ಹೊತ್ತಾಯ್ತು. ಕುಣಿ ತೆಗೀತೀನಿ."

"ಎಲ್ಲಿ ತೆಗೀತೀಯ?"

ಬುಡನ್ ಸಾಬಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೂಲೇಲಿ," ಎಂದ.

"ಲೇ ಬುಡಾನ, ನಿನ್ನ ಕೈಯಾರೆ ಭವನಕ್ಕೆ ಅಂತ ಗುದ್ದಲಿ ಹಾಕಿದೀಯ. ಒಂದಲ್ಲ, ಎರಡು ಏಟು. ಆಮೇಲೆ ಅದರಾಗೆ ಹೆಣ ಹೂಳಾದಾ? ಪಾಪ, ರಂಗಪ್ಪ ಆ ಗುಂಡಿ ಮುಚ್ಚಾಕೆ ನಿನ್ನ ಕಾಲು ಹಿಡ್ಕಂಡ. ಬಿಟ್ಟಾ ನೀನು?"

ಎಲೆಯ ಮುಂದೆ ಕೂತಿದ್ದ ರಂಗಪ್ಪ ತಲೆ ಎತ್ತಿದ. ಹೆಣ ಎಂಬ ಮಾತು ಎಲ್ಲರ ಕಿವಿಗೂ ಬಿತ್ತು. ಯಾರೂ ಎದ್ದು ಹೋಗಲಿಲ್ಲ, ಯಾರ ಎಲೆಗೂ ಸೂತಕ ತಾಗಲಿಲ್ಲ. ಬಡಿಸುವವನು ಪಾಯಸದ ಕೊಳದಪ್ಪಲೆ ಹಿಡಿದು ಒಂದು ಗಳಿಗೆ ನಿಂತವನು ಮತ್ತೆ ಬಡಿಸಿದ.

"ಆಣೆ ಇಟ್ರಿ ಗೌಡ್ರೇ. ಬಾಬಯ್ಯನ ಆಣೆ."

"ಬಾಬಯ್ಯನ ಜಾಗಕ್ಕೇ ಕಣೋ ನಾನು ಇಷ್ಟೆಲ್ಲ ಬಡಿದಾಡ್ತಿರಾದು. ಇನ್ಮ್ಯಾಲೆ ಅದು ಎಲ್ಲ ಧರ್ಮದೋರ್ದು. ಅದರಾಗೆ ಒಂದು ಜಾತಿಯೋರ ಗೋರಿ ಮಾತ್ರ ಇದ್ರೆ ಅದನ್ನ ಕೋಮುವಾದ ಅಂತಾರೆ." ಆ ಪದವನ್ನು ತಿಮ್ಮರಾಯಪ್ಪ ಮಂತ್ರಿಗಳ ಭಾಷಣದಿಂದ ಆಗತಾನೆ ಎತ್ತಿಕೊಂಡಿದ್ದ. "ನಂಗೇನೂ ಕಮ್ಮಿ ಇಲ್ಲ ಅಂತ ಮೈಕಿನಾಗೆ ನೀನೇ ಹೇಳಿದೀಯ. ಇನ್ನೇನು ಕೇಳ್ತೀಯ?"

"ನನ್ನ ಮಕ್ಕಳು ಅವರೆ ಅಲ್ಲಿ."

"ಎಳೇ ಮೂಳೆ, ಯಾವತ್ತೋ ಮಣ್ಣಾಗಿರ್ತವೆ ಬಿಡು. ಪಾಯ ತೆಗೆಯೋವಾಗ ಸಿಕ್ಕಿದ್ರೆ ನೋಡಾನ."

ಬುಡನ್ ಸಾಬಿ ಸಾಲಿನ ಕಡೆ ನೋಡಿದ. ತಾನು ಹಾಸಿಗೆ ಹೊಲಿದುಕೊಟ್ಟ ಗಂಡಸರು, ತಾನು ತಾಯಿತ ಕಟ್ಟಿದ ಗಂಡಸರು. ತಮ್ಮಯ್ಯನೊಬ್ಬ ಮಾತ್ರ ಬಾಯಿ ಬಿಟ್ಟ. "ಸಾಬಿ, ಹಸಕಂಡಿದೀಯ. ಒಂದು ತುತ್ತು ಉಂಡ್ಕಂಡಾದ್ರೂ ಹೋಗು." ರಂಗಪ್ಪ ಹಪ್ಪಳ ಮುರಿದು ಪಾಯಸಕ್ಕೆ ಅದ್ದಿಕೊಂಡ.

ಹಿತ್ತಿಲು ದಾಟಿ ಹೊರಟವನ ಹಿಂದೆಯೇ ಕರಿಬಸಮ್ಮ ಓಡಿ ಬಂದರು. ಅವರ ಕಣ್ಣು ಅತ್ತು ಕೆಂಪಾಗಿತ್ತು. "ನಮ್ಮ ಕಮಾನುಗಾಡಿ ಕಟ್ಟಿಸಿಕೊಡ್ತೀನಿ ಬುಡಾನ, ಅಜ್ಜಂಪುರಕ್ಕೆ ಒಯ್ದುಬಿಡು. ಅಲ್ಲಿ ನಿಮ್ಮೋರು ಅವ್ರೆ, ಮಸೀದಿ ಐತೆ. ನನ್ನ ಮಗನ ಮ್ಯಾಲೆ ಮನಸಿನಾಗೆ ಏನೂ ಮಡಗಬ್ಯಾಡ, ಟಿಕೀಟು ಸಿಗೋ ಹೊತ್ತು ಕಣಪ್ಪ."

"ನಿಮ್ಮ ಬಾಣಂತನದಾಗೆ ನೀರು ಹುಯ್ದೋಳು ಅವಳು ಕಣವ್ವ."

"ಗೊತ್ತು ಕಣೋ," ಎಂದು ಕರಿಬಸಮ್ಮ ಅತ್ತರು. ಅತ್ತರು ಅಷ್ಟೆ.

ಹೆಂಗಸರ ಜೊತೆ ಶಿವನಿಯಿಂದ ಬಂದಿದ್ದ ಗಂಡಸರು ಅಜ್ಜಂಪುರದಲ್ಲಿ ಕುಣಿ ತೆಗೆಸಲು ಮುಂದೆ ನಡೆದರು. ಹೆಂಗಸರು ಹೆಣವನ್ನು ಗಾಡಿಗೆ ಏರಿಸಿ, ಬಿಳಿ ಬಟ್ಟೆ ಕಾಣದ ಹಾಗೆ ಮೇಲೆ ಕೌದಿ ಹೊದಿಸಿ, ತಲೆಗೆ ದಿಂಬು ಕೊಟ್ಟರು. ಗೌಡರ ಆಳು ಲಕ್ಕಣ್ಣ ಎತ್ತು ಹೊಡೆದ. ಬುಡನ್ ಸಾಬಿ ಕಮಾನಿನೊಳಗೆ ಅವಳ ಪಕ್ಕ ಕೂತು, ಗಾಡಿ ಎತ್ತಿಹಾಕಿದಾಗಲೆಲ್ಲ ಅವಳ ಹೆಗಲು ಹಿಡಿದುಕೊಂಡ. ಹೊಸ ಪೇಟ ಇನ್ನೂ ತಲೆಯ ಮೇಲೇ ಇತ್ತು. ತೆಗೆಯಲು ನೆನಪಾಗಿರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಂತ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮಂತ್ರಿಗಳ ಕಾರು ಬಂದು ಪಕ್ಕಕ್ಕೆ ನಿಂತಿತು. ಮುಂದಿನ ಸೀಟಿನಲ್ಲಿ ತಿಮ್ಮರಾಯಪ್ಪ. ಮಂತ್ರಿಗಳು ಪೇಟದ ಗುರುತು ಹಿಡಿದು ಕಾರಿನಿಂದ ಇಳಿದೇ ಬಂದರು.

"ಏನು ಸಾಹೇಬರೇ, ನೀವೂ ಅಜ್ಜಂಪುರಕ್ಕೇನಾ? ಒಳಗೆ ಮಲಗಿರುವುದು ಯಾರು?"

"ನನ್ನ ಹೆಂಡ್ತಿ ಬುದ್ಧಿ."

"ಮೈ ಸರಿ ಇಲ್ವಾ?"

ತಿಮ್ಮರಾಯಪ್ಪ ಲಗುಬಗೆಯಿಂದ ಇಳಿದು ಬಂದಿದ್ದ. "ಜ್ವರ ಸಾರ್. ಆಸ್ಪತ್ರೆಗೆ. ನಮ್ಮ ಮನೆ ಗಾಡೀನೇ ಕಳಿಸಿದೀನಿ," ಎಂದು ಬುಡನ್ ಸಾಬಿಯ ಕಣ್ಣನ್ನೇ ನೋಡಿದ.

ಆಗಲೂ ಹೇಳಬಹುದಿತ್ತು. ಸತ್ತಿದ್ದಾಳೆ, ಮಕ್ಕಳ ಹತ್ತಿರ ಹಾಕಲು ಬಿಡುತ್ತಿಲ್ಲ ಎಂದು ಒಂದು ಮಾತು ಅಂದಿದ್ದರೆ ಮಂತ್ರಿಗಳು ಕಾರು ತಿರುಗಿಸುತ್ತಿದ್ದರೋ ಏನೋ. ಬುಡನ್ ಸಾಬಿ ಬಾಯಿ ತೆರೆದ. ನಾಳೆ ಅದೇ ಊರಿಗೆ, ಅದೇ ಜನದ ನಡುವೆ ಒಬ್ಬನೇ ಹೋಗಿ ಬಾಗಿಲು ತೆಗೆಯಬೇಕು. ಪಾಯ ತೆಗೆಯುವಾಗ ಮಕ್ಕಳ ಮೂಳೆ ಸಿಕ್ಕರೆ ಎತ್ತಿಕೊಡುವವರೂ ಅವರೇ. ಲಕ್ಕಣ್ಣ ಎತ್ತಿನ ಕೊರಳು ಸವರುತ್ತ ಬೇರೆ ಕಡೆ ನೋಡಿದ.

"ಹೂಂ ಬುದ್ಧಿ. ಜ್ವರ," ಎಂದ ಬುಡನ್ ಸಾಬಿ.

"ಅಯ್ಯೋ ಪಾಪ. ಇಷ್ಟಾದರೂ ಬಂದು ನಮ್ಮ ಕೆಲಸ ಮಾಡಿಕೊಟ್ಟಿರಿ." ಮಂತ್ರಿಗಳು ನಿಜಕ್ಕೂ ಮರುಗಿದರು. ಕಾರಿನ ಬುಟ್ಟಿಯಿಂದ ಎರಡು ಕಿತ್ತಳೆ ತರಿಸಿ, ತಾವೇ ಕಮಾನಿನೊಳಗೆ ಕೈ ಚಾಚಿ ದಿಂಬಿನ ಪಕ್ಕ ಇಟ್ಟರು. "ನಿದ್ದೆ ಬಂದಿರಬೇಕು, ಎಬ್ಬಿಸಬೇಡಿ. ಎದ್ದ ಮೇಲೆ ಬಿಡಿಸಿ ಕೊಡಿ," ಎಂದು ಮೆಲುದನಿಯಲ್ಲಿ ಹೇಳಿದರು. ಗೂಡ್ಸು ಗಾಡಿ ಹಾದು ಹೋಯಿತು. ರೋಗಿಯ ಗಾಡಿ ಮೊದಲು ದಾಟಲಿ ಎಂದು ಅವರು ಕೈಸನ್ನೆ ಮಾಡಿ ಕಾರು ನಿಲ್ಲಿಸಿಕೊಂಡರು.

ಹಳಿ ದಾಟುವಾಗ ಗಾಡಿ ಎತ್ತಿಹಾಕಿತು. ಕಿತ್ತಳೆಗಳು ಕೌದಿಯ ಮೇಲಿಂದ ಉರುಳಿ ಅವಳ ಕಾಲ ಹತ್ತಿರ ನಿಂತವು. ಬುಡನ್ ಸಾಬಿ ಹಿಂದೆ ತಿರುಗಿ ನೋಡಿದ. ಕಾರು ಇನ್ನೂ ಬೆನ್ನಿಗೇ ಬರುತ್ತಿತ್ತು. ಅವನು ಬಗ್ಗಿ ಹಣ್ಣುಗಳನ್ನು ಹೆಕ್ಕಿ, ಮತ್ತೆ ದಿಂಬಿನ ಪಕ್ಕ ಇಟ್ಟ.